ಬಟ್ಟೆಗಂಟಿನ ನೆಪದಲ್ಲಿ

ಬೆಳಕಿನ್ನೂ ಬೀದಿಗೆ ಪೂರ್ತಿ ಇಳಿದಿಲ್ಲ. ಬಸ್ ಡಿಪೋ ಹಿಂದಿನ ಓಣಿಯಲ್ಲಿ ಇಸ್ತ್ರಿ ಅಂಗಡಿಯ ಷಟರ್ ಕಿರ್ರೆಂದು ಮೇಲೇಳುತ್ತದೆ. ಅಕ್ಕ ಇಸ್ತ್ರಿಪೆಟ್ಟಿಗೆ ಕಾಯಲಿಟ್ಟು, ಪರದೆ ಸರಿಸಿ ಹಿಂದಿನ ಕೋಣೆಗೆ ಹೋಗುತ್ತಾರೆ. ಮಡಚಿಟ್ಟ ಕುರ್ಚಿಗಳನ್ನು ಬಿಡಿಸಿ, ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ನೀರಿಡುತ್ತಾರೆ. ಅಷ್ಟರಲ್ಲಿ ಒಬ್ಬೊಬ್ಬರೇ ಬರತೊಡಗುತ್ತಾರೆ. ಪಾಳಿಗೆ ಹೊರಟ ಡ್ರೈವರ್, ಮೈಗೆಲ್ಲ ಬಣ್ಣ ಮೆತ್ತಿಕೊಂಡ ಪೇಂಟರ್, ಬ್ಯಾಂಕಿನ ಗುಮಾಸ್ತೆ. ಎಲ್ಲರ ಕಂಕುಳಲ್ಲೂ ಒಂದೊಂದು ಬಟ್ಟೆಗಂಟು. ಗಂಟು ಮೇಜಿನ ಮೇಲಿಟ್ಟು ಪರದೆಯೊಳಗೆ ನುಸುಳುತ್ತಾರೆ. ಕುಡಿತ ಬಿಟ್ಟವರು, ಬಿಡಲು ಒದ್ದಾಡುತ್ತಿರುವವರು ಅಲ್ಲಿ ಕೂತು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಬೀದಿಯ ಕಣ್ಣಿಗೆ ಮಾತ್ರ ಅವರೆಲ್ಲ ಇಸ್ತ್ರಿಗೆ ಬಂದ ಗಿರಾಕಿಗಳು.

ಬೆಳಗ್ಗೆಯೇ ಯಾಕೆ? "ಸಂಜೆ ಆದ್ರೆ ಕಾಲು ತಾನಾಗೇ ಬೇರೆ ಕಡೆ ಎಳಿಯುತ್ತಲ್ಲ" ಎನ್ನುತ್ತಾರೆ ಅಕ್ಕ. ಒಳಗಿನ ಮಾತೆಲ್ಲ ಕಿವಿಗೆ ಬೀಳುವುದಿಲ್ಲವೇ ಅಂದರೆ, "ಇಸ್ತ್ರಿ ಸದ್ದು ಜೋರು, ಏನೂ ಕೇಳ್ಸಲ್ಲ" ಅನ್ನುತ್ತಾರೆ. ಕರೆಂಟಿನ ಇಸ್ತ್ರಿಪೆಟ್ಟಿಗೆಗೆ ಅದೆಲ್ಲಿಯ ಸದ್ದೋ!

ಈ ಗಂಟಿನ ಪದ್ಧತಿ ಶುರುವಾದದ್ದು ಅಕ್ಕನ ಗಂಡನಿಂದ. ಆತ ಡಿಪೋದಲ್ಲಿ ಮೆಕ್ಯಾನಿಕ್. ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ಬಾಟಲಿ. ಮನೆ ಮೂರಾಬಟ್ಟೆಯಾಗಿತ್ತು. ಅಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡು ಕಂಡಕಂಡವರನ್ನೆಲ್ಲ ವಿಚಾರಿಸಿದರು. ಕೊನೆಗೆ ಆಸ್ಪತ್ರೆಯ ವಯಸ್ಸಾದ ನರ್ಸೊಬ್ಬರು ಊರಿನ ಆ ತುದಿಯ ಹಳೇ ಕಟ್ಟಡದಲ್ಲಿ ಇಂಥದ್ದೊಂದು ಗುಂಪು ಸೇರುತ್ತದೆಂದು ಗುಟ್ಟಾಗಿ ಹೇಳಿದರು. ಗಂಡ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನಾನೇನು ಕುಡುಕನಾ? ಯಾರಾದ್ರೂ ನೋಡಿದ್ರೆ ಮಾನ ಏನಾಗ್ಬೇಕು?" ದಿನಾ ಚರಂಡಿಯಲ್ಲಿ ಬಿದ್ದಾಗ ಇಲ್ಲದ ಮಾನ ಆ ಕಟ್ಟಡದ ಮೆಟ್ಟಿಲು ಹತ್ತಿ ಎಂದಾಗ ಎಲ್ಲಿಂದಲೋ ಬಂದುಬಿಟ್ಟಿತ್ತು.

ಅಕ್ಕ ವಾದಕ್ಕೆ ಹೋಗಲಿಲ್ಲ. ಒಂದು ಗಂಟು ಕಟ್ಟಿ ಕೈಗಿಟ್ಟರು. "ಅಲ್ಲಿ ಮೇಲಿನ ಕೋಣೇಲಿ ಇದನ್ನ ಕೊಟ್ಟು ಬನ್ನಿ." ಅವರು ಹೋದರು. ಯಾರ ಬಟ್ಟೆಯೆಂದು ಅಲ್ಲಿ ಯಾರೂ ಹೇಳಲಿಲ್ಲ. ಹೇಳುವುದಾದರೂ ಹೇಗೆ, ಒಳಗಿದ್ದುದು ಅಕ್ಕನದೇ ಹಳೇ ಸೀರೆ! "ಕೂತ್ಕೊಳ್ಳಿ, ಬಟ್ಟೆಯವರು ಬರ್ತಾರೆ" ಎಂದು ಕುರ್ಚಿ ಎಳೆದರಂತೆ. ಬಟ್ಟೆಯವರು ಬರಲೇ ಇಲ್ಲ. ಗುಂಪಿನವರು ಮಾತ್ರ ಸೂಕ್ಷ್ಮ ಅರಿತುಕೊಂಡು ತಮ್ಮ ಅಂಗಿಗಳನ್ನೇ ಇಸ್ತ್ರಿಗೆಂದು ಕೊಟ್ಟು ಕಳಿಸಿದರು. ಅವನ್ನು ವಾಪಸ್ ಕೊಡಲು ಇನ್ನೊಮ್ಮೆ ಹೋಗಲೇಬೇಕಲ್ಲ.

"ಆಗಿನ ಚೆಂದವೇ ಬೇರೆ" ಎನ್ನುವಾಗ ಅಕ್ಕನ ಕೈ ಅಂಗಿಯ ಕಾಲರಿನ ಮೇಲೆ ನಿಧಾನವಾಗುತ್ತದೆ. "ಇವರು ಮಾತಾಡ್ತಾ ಇರೋರು, ನಾನು ಮರದ ಮೆಟ್ಟಿಲ ಮೇಲೆ ಕೂತು ಕಾಯ್ತಿದ್ದೆ. ಒಂದಿನ ಒಳಗಿಂದ ಇವರು ನಗೋದು ಕೇಳಿಸ್ತು. ಮದುವೆ ಹೊಸದರಲ್ಲಿ ಕೇಳಿದ್ದ ನಗು ಕಣ್ರೀ ಅದು! ಮತ್ತೆ ಕೇಳಿ ಅಲ್ಲೇ ಅತ್ತುಬಿಟ್ಟೆ." ಆಮೇಲೆ ಆ ಕಟ್ಟಡ ಕೆಡವಿದರು. ಗುಂಪು ಚೆಲ್ಲಾಪಿಲ್ಲಿಯಾದೀತೆಂದು ಅಕ್ಕ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಗಂಡ ಮತ್ತೆ ಬಾಟಲಿ ಮುಟ್ಟದೆ, ಅದೇ ಕೋಣೆಯಲ್ಲಿ ಒಂದು ಬೆಳಗ್ಗೆ ಚಹಾ ಕುಡಿಯುತ್ತ ಕುಡಿಯುತ್ತಲೇ ಕಣ್ಣು ಮುಚ್ಚಿದರು.

ಗಂಟಿನ ಪದ್ಧತಿಯಿಂದ ಎಡವಟ್ಟೂ ಆಗುತ್ತದೆ. ನಿಜಕ್ಕೂ ಕಿಟಕಿ ಪರದೆ ಇಸ್ತ್ರಿ ಮಾಡಿಸಲು ಬಂದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರನ್ನು ಹೊಸಬರೆಂದು ತಿಳಿದು ಡ್ರೈವರ್ ಒಳಗೆ ಕರೆದೊಯ್ದ. "ನಾಚ್ಕೋಬೇಡಿ ಸಾರ್, ನಾವೂ ಹಿಂಗೇ ಇದ್ವಿ" ಎಂದು ಬೆನ್ನು ಸವರಿದ. ಒಂದು ಹನಿ ಮದ್ಯವನ್ನೂ ಮುಟ್ಟದ ಆ ಮನುಷ್ಯ ಕೊನೆವರೆಗೂ ಕೂತು, ಮುಂದಿನ ವಾರ ಅದೇ ಪರದೆ ಹಿಡಿದು ಮತ್ತೆ ಹಾಜರು. ಇಷ್ಟು ಪ್ರೀತಿಯಿಂದ ತನ್ನನ್ನು ಯಾರಾದರೂ ಮಾತಾಡಿಸಿ ಎಷ್ಟೋ ಕಾಲವಾಗಿತ್ತಂತೆ.

ಆದರೆ ಬರಬೇಕಾದವನೇ ಒಳಗೆ ಬಂದಿಲ್ಲ. ಅಕ್ಕನ ಸ್ವಂತ ತಮ್ಮ, ವೆಲ್ಡರ್. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದವರು ಇವರೇ. ಮೊನ್ನೆ ರಕ್ತ ಕಾರಿಕೊಂಡ. ಇನ್ನು ಕುಡಿದರೆ ಉಳಿಯುವುದಿಲ್ಲವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ವಾರವಾರ ಅಂಗಿ ತರುತ್ತಾನೆ, ಮೇಜಿನಾಚೆಯೇ ನಿಲ್ಲುತ್ತಾನೆ. ಊರವರ ಮಕ್ಕಳೆಲ್ಲ ಒಳಗೆ, ತನ್ನವನು ಹೊರಗೆ! ಆದರೂ ಅಕ್ಕ ಕರೆಯುವುದಿಲ್ಲ. "ಕೈ ಹಿಡಿದು ಎಳ್ಕೊಂಡು ಹೋದ್ರೆ, ಕೈ ಬಿಟ್ಟ ತಕ್ಷಣ ಎದ್ದು ಬರ್ತಾನೆ."

ಇವತ್ತೂ ಬಂದಿದ್ದಾನೆ. ಬಾಯಲ್ಲಿ ಕುಡಿತದ ವಾಸನೆಯಿಲ್ಲ. ಒಳಗೆ ಯಾರೋ ಏನೋ ಹೇಳಿ ಎಲ್ಲರೂ ಗೊಳ್ಳೆಂದು ನಗುತ್ತಾರೆ. ಅವನು ನೆಲ ನೋಡುತ್ತ ಕೇಳುತ್ತಾನೆ:

"ಅಕ್ಕಾ, ಭಾವ ಎಲ್ಲಿ ಕೂತ್ಕೊಳ್ತಿದ್ರು?"

ಅಕ್ಕ ತಲೆ ಎತ್ತುವುದಿಲ್ಲ. "ಕಿಟಕಿ ಪಕ್ಕ. ನೀನು ಅಲ್ಲಿ ಕೂರ್ಬೇಡ, ಬಿಸಿಲು ಮುಖಕ್ಕೇ ಹೊಡಿಯುತ್ತೆ. ನಿಮ್ ಭಾವ ಯಾವಾಗ್ಲೂ ಗೊಣಗ್ತಾನೇ ಕೂರ್ತಿದ್ರು."

ಅವನು ಪರದೆ ಸರಿಸಿ ಒಳಗೆ ಹೋಗುತ್ತಾನೆ. ಕುರ್ಚಿಯೊಂದು ನೆಲಕ್ಕೆ ಉಜ್ಜುವ ಸದ್ದು. ಅಕ್ಕ ಕೈಗೆ ಸಿಕ್ಕಿದ ಅಂಗಿಯಿಂದಲೇ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ನೋಡಿದರೆ ಅದು ಗುಮಾಸ್ತೆಯದು, ಈಗಷ್ಟೇ ಇಸ್ತ್ರಿ ಮುಗಿಸಿದ್ದು.

"ಇರ್ಲಿ ಬಿಡಿ" ಎಂದು ಅದನ್ನು ಮತ್ತೆ ಮೇಜಿನ ಮೇಲೆ ಹರವುತ್ತಾರೆ. "ಇನ್ನೊಂದ್ಸಲ ಹಾಕಿದ್ರಾಯ್ತು. ಇವತ್ತು ನಂಗೇನೂ ಅವಸರ ಇಲ್ಲ."