ರೆಕ್ಕೆಯ ಬಟ್ಟೆ

ನನ್ನ ಅಣ್ಣ ಬಸ್ರಾದಿಂದ ಮನೆಗೆ ತಂದದ್ದು ಎರಡೇ: ಒಂದು ಕೆಮ್ಮು, ಇನ್ನೊಂದು ಮುಗಿಯದ ಮಾತು. ಬಂದವರೆಲ್ಲ ಕೆಮ್ಮಿಗೆ ಒಂದೊಂದು ಕಷಾಯ ಹೇಳಿಹೋದರು. ಮಾತಿಗೆ ಯಾರ ಹತ್ತಿರವೂ ಔಷಧವಿರಲಿಲ್ಲ. ಜರ್ಮನ್ ಯುದ್ಧಕ್ಕೆ ದಂಡಿನ ದರ್ಜಿಯಾಗಿ ಹೋದವನನ್ನು ಅಲ್ಲಿ ಅಂಗಿ ಹೊಲಿಯಲು ಬಿಡದೆ ವಿಮಾನದ ರೆಕ್ಕೆ ಹೊಲಿಯಲು ಕೂಡಿಸಿದ್ದರಂತೆ. ಆಗಿನ ವಿಮಾನಗಳೆಂದರೆ ಕಟ್ಟಿಗೆಯ ಹಂದರಕ್ಕೆ ಬಟ್ಟೆ ಬಿಗಿದು ಮಾಡಿದವು. ನಾಲ್ಕು ವರ್ಷ ಆ ಕೆಲಸ ಮಾಡಿ ತಿರುಗಿ ಬಂದ ಮೇಲೆ ಅಣ್ಣನಿಗೆ ಮನುಷ್ಯರು ತೊಡುವ ಬಟ್ಟೆ ಬಟ್ಟೆಯಾಗಿಯೇ ಉಳಿಯಲಿಲ್ಲ.

ಖಾನಾಪುರದ ಪೇಟೆಯಲ್ಲಿ ನಮ್ಮದು ಅಪ್ಪನ ಕಾಲದ ಹೊಲಿಗೆಯ ಅಂಗಡಿ. ನಾನು ಮಷೀನು ತುಳಿಯುತ್ತಿದ್ದೆ, ಅಣ್ಣ ಚಾಪೆಯ ಮೇಲೆ ಕೂತು ಅಂಗಿ ಕೋಟುಗಳ ಗುಂಡಿಮನೆ ಹೊಲಿಯುತ್ತಿದ್ದ. ಹೊಲಿಯುತ್ತ ಹೇಳುತ್ತಿದ್ದ. ಇಬ್ಬರು ಕೂಡುವ ವಿಮಾನ ಯಾವುದು, ಒಬ್ಬನೇ ಕೂಡುವುದು ಯಾವುದು, ಬಂದೂಕು ಎಲ್ಲಿ ಕೂಡಿಸುತ್ತಾರೆ, ಬಾಲದ ಆಕಾರ ನೋಡಿ ಹೇಗೆ ಗುರುತಿಸಬೇಕು, ಎಂಜಿನ್ನಿನ ಸದ್ದಿನಿಂದಲೇ ಹೇಗೆ ಹೇಳಬಹುದು. ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ಪರಿಚಯದ ಕಾರಕೂನನೊಬ್ಬನಿಂದ ಹಳೆಯ ಇಂಗ್ಲಿಷ್ ಪತ್ರಿಕೆ ಬೇಡಿ ತಂದು, ವಿಮಾನದ ಚಿತ್ರಗಳನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದ. ಕಣಕುಂಬಿಯ ಕಡೆಯಿಂದ ಕೋಟು ಹೊಲಿಸಲು ಬಂದ ಮುದುಕನೊಬ್ಬ ಅವುಗಳಿಗೆ ಕೈಮುಗಿದು ಕುಳಿತದ್ದನ್ನು ನೋಡಿ ನಾನು ಒಂದು ವಾರ ನಕ್ಕಿದ್ದೇನೆ.

ನಗುವುದಷ್ಟೇ ಅಲ್ಲ, ನನಗೆ ಬೇಸರವೂ ಬರುತ್ತಿತ್ತು. ಖರೇ ಹೇಳಬೇಕೆಂದರೆ ನಾಚಿಕೆಯೂ ಆಗುತ್ತಿತ್ತು. ವರ್ಷಕ್ಕೆ ಒಂದೋ ಎರಡೋ ಸಲ ಪುಣೆಯ ಕಡೆಯಿಂದ ವಿಮಾನ ಹಾಯ್ದುಹೋಗುವುದು. ಆಗ ಅಣ್ಣ ಗಿರಾಕಿಯ ತೋಳಿನ ಅಳತೆಯನ್ನು ಅರ್ಧಕ್ಕೆ ಬಿಟ್ಟು ಬೀದಿಗೆ ಓಡುತ್ತಿದ್ದ. ಹಿಂದಿರುಗಿ ಬಂದವನ ಮುಖ ನೋಡುವಂತಿರುತ್ತಿರಲಿಲ್ಲ. ಆ ದಿನವೆಲ್ಲ ಊಟ ಸೇರುತ್ತಿರಲಿಲ್ಲ, ಮಾತು ಇನ್ನಷ್ಟು ಬೆಳೆಯುತ್ತಿತ್ತು. ನಾನು ಮಷೀನು ತುಳಿಯುತ್ತ ಹೂಂ ಹೂಂ ಅನ್ನುತ್ತಿದ್ದೆ. ಒಂದು ಅಂಗಿಯ ಹೊಲಿಗೆ ಮುಗಿಯುವ ಹೊತ್ತಿಗೆ ನನ್ನ ಹೂಂಗಳೂ ಮುಗಿದಿರುತ್ತಿದ್ದವು.

ಒಂದು ವರ್ಷ ದೀಪಾವಳಿ ಕಳೆದ ಮೇಲೆ, ಸೈನ್ಯದ ಒಂದು ವಿಮಾನ ಎಂಜಿನ್ ಕೆಟ್ಟು ಬೆಳಗಾವಿಯ ಕ್ಯಾಂಪಿನ ಮೈದಾನದಲ್ಲಿ ಇಳಿಯಿತು. ಮೇಲೊಂದು ಕೆಳಗೊಂದು ಜೋಡಿ ರೆಕ್ಕೆಯ ವಿಮಾನ ಅದು; ಇಳಿಯುವಾಗ ಅಂಚಿನ ಗಿಡಕ್ಕೆ ತಾಗಿ ಕೆಳಗಿನ ಎಡರೆಕ್ಕೆಯ ಬಟ್ಟೆ ಮಾರುದ್ದ ಹರಿದುಹೋಯಿತು. ಸುದ್ದಿ ರೈಲಿನಲ್ಲಿ ನಮ್ಮೂರಿಗೆ ಬಂತು. ಅಣ್ಣ ಸಿಕ್ಕ ಗಾಡಿ ಹಿಡಿದು ಹೋದ.

ಅವತ್ತು ಸಂಜೆ ಪರಿಚಯದ ರೈಲ್ವೆ ಗಾರ್ಡ್ ಒಂದು ಗಂಟು ತಂದುಕೊಟ್ಟ. ಅದರಲ್ಲಿ ವಿಮಾನದವರೇ ಜೊತೆಗಿಟ್ಟುಕೊಂಡಿದ್ದ ಹೊಸ ಲಿನನ್ ಬಟ್ಟೆ, ಮೇಲೊಂದು ಚೀಟಿ. ಚೀಟಿಯಲ್ಲಿ ಅಣ್ಣ ಉದ್ದ ಅಗಲದ ಅಳತೆ ಬರೆದು, ಎರಡು ಪಟ್ಟಿಗಳನ್ನು ಜೋಡಿಸಿ ಮಷೀನಿನಲ್ಲಿ ಹೊಲಿದು ಬೆಳಗಿನ ಗಾಡಿಗೆ ತಾ ಎಂದಿದ್ದ. ಬಸ್ರಾದ ಕೆಲಸ ಕೇಳಿ ವಿಮಾನದ ಸಾಹೇಬ ರೆಕ್ಕೆಯನ್ನು ತನಗೇ ಒಪ್ಪಿಸಿದ್ದಾಗಿಯೂ, ತಾನು ಅಲ್ಲೇ ಉಳಿದು ಹರಿದ ಬಟ್ಟೆ ಬಿಚ್ಚುತ್ತಿರುವುದಾಗಿಯೂ, ಕೆಲಸ ಚೆನ್ನಾದರೆ ಕರಾಚಿಯ ವಿಮಾನದ ಕಾರ್ಖಾನೆಗೆ ಪತ್ರ ಕೊಡುವೆನೆಂದು ಸಾಹೇಬ ಹೇಳಿದ್ದಾಗಿಯೂ ಬರೆದಿದ್ದ. ಕೊನೆಗೆ ಒಂದು ಸಾಲು: ಕ್ಯಾಂಪಿನಲ್ಲಿ ಹತ್ತು ಜನ ದರ್ಜಿಗಳಿದ್ದಾರೆ, ಆದರೆ ನಿನ್ನ ಕೈಯ ಮೇಲೆ ನನಗೆ ಭರವಸೆ.

ಓದಿ ನನಗೆ ಹೆಮ್ಮೆಯಾಯಿತು. ಈ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪಾಗಬಾರದೆಂದುಕೊಂಡೆ. ಒಳ್ಳೆಯ ದರ್ಜಿ ಮೊದಲು ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಹೊಸ ಬಟ್ಟೆಯನ್ನು ನೀರಿಗೆ ಹಾಕಿದೆ. ಹಾಕದೆ ಹೊಲಿದರೆ ಮೊದಲ ಒಗೆತಕ್ಕೇ ಅಂಗಿ ಗಿಡ್ಡಾಗಿ ಗಿರಾಕಿ ಬಾಗಿಲಿಗೆ ಬಂದು ಕೂಗಾಡುತ್ತಾನೆ. ಅಪ್ಪ ನಮಗಿಬ್ಬರಿಗೂ ಕಲಿಸಿದ ಮೊದಲ ಪಾಠವೇ ಅದು.

ನನ್ನ ಹೆಂಡತಿ ಅಡಿಗೆಮನೆಯಿಂದ ಬಂದವಳು ಕೊಪ್ಪರಿಗೆಯಲ್ಲಿ ಮುಳುಗಿದ ಬಟ್ಟೆ ನೋಡಿ ನಿಂತಳು.

"ಏನ್ರೀ, ಇದನ್ನ ನೀರಾಗ ಹಾಕೀರಿ? ಭಾವಾರು ವಿಮಾನದ ಅರಿವಿಗಿ ನೀರಿಂದು ಏನೋ ಹೇಳತಿದ್ರಲ್ಲ?"

"ನಿನಗೇನ ತಿಳೀತೈತಿ ಹೊಲಿಗಿ? ರೊಟ್ಟಿ ನೋಡ್ಕೋ ಹೋಗ," ಅಂದೆ.

ಅವಳು ಹೋದಳು. ಬಟ್ಟೆ ಬೆಳಗಿನ ಜಾವದ ತನಕ ಹಿತ್ತಲಿನ ಹಗ್ಗದ ಮೇಲೆ ಒಣಗಿತು. ನೀರಿಗೆ ಹಾಕಿದ್ದರಿಂದ ಅದು ಚೆನ್ನಾಗಿಯೇ ಕುಗ್ಗಿತ್ತು. ಅಳತೆಗೆ ಕತ್ತರಿಸಿದಾಗ ಅಂಗೈಯಗಲದ ಚೂರು ಬಿಟ್ಟರೆ ಏನೂ ಉಳಿಯಲಿಲ್ಲ. ಎರಡೆರಡು ಸಲ ಹೊಲಿದು, ಇಸ್ತ್ರಿ ಮಾಡಿ, ಮಡಿಚಿಕೊಂಡು ಗಾಡಿ ಹತ್ತಿದೆ.

ಮೈದಾನದಲ್ಲಿ ಜನವೋ ಜನ. ಪೊಲೀಸರು ಎಲ್ಲರನ್ನೂ ಹಗ್ಗದ ಆಚೆ ನಿಲ್ಲಿಸಿದ್ದರು, ಅಣ್ಣನೊಬ್ಬ ಮಾತ್ರ ಒಳಗಿದ್ದ. ನಾನು ಅವನನ್ನು ಹಾಗೆ ಎಂದೂ ನೋಡಿರಲಿಲ್ಲ. ಬೆನ್ನು ನೆಟ್ಟಗಾಗಿತ್ತು, ಕೆಮ್ಮು ಇರಲಿಲ್ಲ. ಅವನು ಬಟ್ಟೆ ಬಿಚ್ಚಿ ನೋಡಿ, ಹೊಲಿಗೆಯ ಮೇಲೆ ಬೆರಳಾಡಿಸಿ ಪಕ್ಕದಲ್ಲಿದ್ದ ಸಿಪಾಯಿಗೆ ಹೇಳಿದ: "ನಮ್ಮ ತಮ್ಮಂದು. ಹೊಲಿಗಿ ಅಂದ್ರ ಹಿಂಗಿರಬೇಕು ನೋಡ್ರಿ." ಕೆಲಸದ ಅವಸರದಲ್ಲಿದ್ದವನು ಹೊಲಿಗೆ ನೋಡಿದ, ಬಟ್ಟೆ ನೋಡಲಿಲ್ಲ.

ಅರ್ಧ ದಿನ ಉದ್ದ ಸೂಜಿ ಹಿಡಿದು ಬಟ್ಟೆಯನ್ನು ರೆಕ್ಕೆಯ ಹಂದರಕ್ಕೆ ಹೊಲಿದ. ಆಮೇಲೆ ಡಬ್ಬಿಯಲ್ಲಿದ್ದ ರೋಗನ್ನಿನಂಥ ಮೆರುಗಿನ ದ್ರವವನ್ನು ಬಳಿದ. ಕೊಳೆತ ಬಾಳೆಹಣ್ಣಿನ ವಾಸನೆ ಅದಕ್ಕೆ. ಅದು ಒಣಗುತ್ತ ಒಣಗುತ್ತ ಬಟ್ಟೆಯನ್ನು ಎಳೆದು ಬಿಗಿ ಮಾಡಬೇಕು, ಬೆರಳಿನಿಂದ ಬಡಿದರೆ ಜಾತ್ರೆಯಲ್ಲಿ ಬಾರಿಸುವ ಹಲಗೆಯ ಹಾಗೆ ಸದ್ದು ಬರಬೇಕು. ಮೊದಲ ಸಲ ಬಳಿದು ಕಾದ. ಬಡಿದ. ಸದ್ದಿಲ್ಲ. ಎರಡನೆಯ ಸಲ, ಮೂರನೆಯ ಸಲ. ಡಬ್ಬಿಯ ತಳ ಕಾಣಿಸಿತು. ಬಟ್ಟೆ ಜೋಲು ಜೋಲಾಗಿಯೇ ಉಳಿಯಿತು.

ಅಣ್ಣ ಮೆಲ್ಲಗೆ ಕೇಳಿದ: "ತಮ್ಮಾ, ನೀರಿಗಿ ಹಾಕಿದ್ದಿ ಏನು?"

"ಹೊಸಾ ಅರಿವಿ ಅಲ್ಲೇನು..." ಅಂದೆ.

ಅವನು ಕುಂಚವನ್ನು ಖಾಲಿ ಡಬ್ಬಿಯಲ್ಲಿಟ್ಟ. ಮೊದಲೇ ನೀರಿನಲ್ಲಿ ಕುಗ್ಗಿದ ಬಟ್ಟೆ ಆಮೇಲೆ ಬಿಗಿಯಾಗುವುದಿಲ್ಲ ಎಂಬುದು ಅವನ ಮುಖ ನೋಡಿದ ಮೇಲೆ ನನಗೆ ತಿಳಿಯಿತು. ಜೋಲುಬಿದ್ದ ರೆಕ್ಕೆಯಲ್ಲಿ ಯಾರೂ ಹಾರುವಂತಿಲ್ಲ. ಬೇರೆ ಬಟ್ಟೆಯೂ ಇಲ್ಲ.

ಸಾಹೇಬ ಬಂದು ಹೆಬ್ಬೆರಳಿನಿಂದ ಒತ್ತಿದ. ಬಟ್ಟೆ ಒಳಗೆ ಹೋಯಿತು. ಯಾರು ಮಾಡಿದ್ದು ಎಂದು ಕೇಳಿದ. ತಪ್ಪು ತನ್ನದೇ, ಮರೆತು ತಾನೇ ನೀರಿಗೆ ಹಾಕಿದ್ದೆಂದು ಅಣ್ಣ ಹಿಂದುಸ್ಥಾನಿಯಲ್ಲಿ ಹೇಳಿದ. ನಾನು ಎರಡು ಮೊಳ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಹೆದರಿಕೆಯಿಂದ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆಯೇನಲ್ಲ, ಅಷ್ಟು ಜನರ ಎದುರು ಕೆಟ್ಟ ದರ್ಜಿ ಅನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಸಾಹೇಬ ಸಿಟ್ಟು ಮಾಡಲಿಲ್ಲ. ಕೆಲಸ ಬಿಟ್ಟು ಬಹಳ ದಿನವಾಯಿತು, ನಿನಗೆ ಮರೆತಿದೆ ಎಂದಷ್ಟೇ ಹೇಳಿ ಪುಣೆಗೆ ತಂತಿ ಕೊಡಿಸಲು ಹೋದ. ಅಲ್ಲಿಂದ ಇಬ್ಬರು ಗೋರಾ ಮೇಸ್ತ್ರಿಗಳು ಬಂದು, ನಮ್ಮ ಬಟ್ಟೆಯನ್ನು ಚಾಕುವಿನಿಂದ ಸೀಳಿ ತೆಗೆದು ಬೇರೆ ಹಾಕಿದರೆಂದು ಆಮೇಲೆ ಕೇಳಿದೆವು. ಪತ್ರದ ಮಾತು ಮತ್ತೆ ಬರಲಿಲ್ಲ.

ತಿರುಗಿ ಬರುವಾಗ ದೇಸೂರು ದಾಟುವವರೆಗೂ ಅಣ್ಣ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ನನಗೆ ತಡೆಯಲಾಗಲಿಲ್ಲ.

"ನನ್ನ ಹೆಸರ ಯಾಕ ಹೇಳಲಿಲ್ಲ ಅಣ್ಣಾ?"

"ಹೇಳಿದ್ರ ಏನ ಆಗತಿತ್ತು? ನಿನಗೊಂದೆರಡ ಬೈತಿದ್ದ. ರೆಕ್ಕಿ ಬಿಗೀ ಆಗತಿತ್ತೇನು?"

ಅಲ್ಲಿಂದ ಮುಂದೆ ಅವನು ವಿಮಾನದ ಮಾತು ಬಿಟ್ಟ. ಯಾರೂ ಬಿಡು ಎಂದಿರಲಿಲ್ಲ. ಗೋಡೆಯ ಚಿತ್ರಗಳು ಹಳದಿಯಾದವು, ಒಂದು ಮಳೆಗಾಲದಲ್ಲಿ ಗೋಡೆ ತೇವ ಹಿಡಿದಾಗ ಎರಡು ಉದುರಿದವು. ಅವನು ಎತ್ತಿಡಲಿಲ್ಲ. ದಿನವಿಡೀ ಗುಂಡಿಮನೆ ಹೊಲಿಯುತ್ತಿದ್ದ, ಕೆಮ್ಮುತ್ತಿದ್ದ. ಅಂಗಡಿಯಲ್ಲಿ ಮಷೀನಿನ ಸದ್ದೊಂದೇ. ಆ ಸದ್ದು ಅಷ್ಟು ಕರ್ಕಶವೆಂದು ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ.

ಒಂದು ಪ್ರಶ್ನೆ ಮಾತ್ರ ನನ್ನನ್ನು ತಿನ್ನುತ್ತಿತ್ತು. ಹೆಂಡತಿ ಅಂದು ಕೊಪ್ಪರಿಗೆಯ ಹತ್ತಿರ ಹೇಳಿದ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಎರಡು ವರ್ಷದ ಮೇಲೆ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಮಷೀನು ನಿಲ್ಲಿಸಿ ಕೇಳಿಯೇಬಿಟ್ಟೆ. ಅವನು ಇಲ್ಲ ಅನ್ನಲಿ ಎಂಬ ಆಸೆ ಇತ್ತು.

"ಅಣ್ಣಾ, ಆ ಅರಿವಿಗಿ ನೀರ ಹಚ್ಚಬಾರದು ಅಂತ ನೀ ಮೊದಲ ನನಗ ಎಂದಾರ ಹೇಳಿದ್ದಿ ಏನು?"

"ಭಾಳ ಸಲ ಹೇಳೀನಿ."

"ನನಗ ಒಂದೂ ನೆನಪಿಲ್ಲ."

"ನೆನಪ ಹ್ಯಾಂಗ ಇರತೈತಿ? ನೀ ಕೇಳತಿರಲಿಲ್ಲ. ಅದು ನನಗ ಗೊತ್ತಿತ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಗೊತ್ತಿದ್ದೂ ಯಾಕ ಹೇಳತಿದ್ದಿ?" ಅಂದೆ.

ಅಣ್ಣ ಕೈಯಲ್ಲಿದ್ದ ಕೋಟನ್ನು ತೊಡೆಯ ಮೇಲಿಟ್ಟು ನನ್ನನ್ನು ನೋಡಿದ.

"ಮತ್ತ ಯಾರಿಗಿ ಹೇಳಲಿ?" ಅಂದ.