ನಾಲ್ಕು ದಿನದ ಮೈದಾನ

ಕುಲ್ಸುಮ್ ಶಾಲೆಯಲ್ಲಿ ಅತಿ ಹೆಚ್ಚು ಸಲ ಶಿಕ್ಷೆ ಅನುಭವಿಸಿದ್ದು ಓಡಿದ್ದಕ್ಕೆ. ಪಾಠ ಒಪ್ಪಿಸದೆ ಹೋದದ್ದಕ್ಕಲ್ಲ, ಹೋಂವರ್ಕ್ ಬಿಟ್ಟದ್ದಕ್ಕೂ ಅಲ್ಲ. ಮೆಟ್ಟಿಲ ಮೇಲೆ ಓಡಿದಳು, ಕಾರಿಡಾರಿನಲ್ಲಿ ಓಡಿದಳು, ಕುಡಿಯುವ ನೀರಿನ ಕ್ಯಾನಿನ ತನಕ ಓಡಿದಳು ಎಂದು ಪ್ರತಿ ಸಲವೂ ಹಿಡಿದು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ಬೇರೆಲ್ಲಿ ಓಡಬೇಕಿತ್ತು ಎಂದು ಯಾರೂ ಹೇಳಲಿಲ್ಲ. ಶೆಟ್ಟಿಹಳ್ಳಿಯ ಆ ಖಾಸಗಿ ಶಾಲೆ ಇರುವುದು ಬಾಡಿಗೆ ಮನೆಗಳಿಗಾಗಿ ಕಟ್ಟಿದ ನಾಲ್ಕು ಅಂತಸ್ತಿನ ಕಟ್ಟಡದಲ್ಲಿ. ಅಡುಗೆಮನೆಯಾಗಬೇಕಿದ್ದ ಕೋಣೆಯಲ್ಲಿ ಎರಡನೇ ತರಗತಿ ನಡೆಯುತ್ತದೆ. ಗ್ರಾನೈಟ್ ಕಟ್ಟೆ ಹಾಗೇ ಇದೆ, ಮಕ್ಕಳು ಅದರ ಮೇಲೆ ಬ್ಯಾಗು ಜೋಡಿಸುತ್ತಾರೆ. ಏಳು ಮತ್ತು ಎಂಟನೇ ತರಗತಿಗಳ ನಡುವೆ ಇರುವುದು ಪ್ಲೈವುಡ್ ಹಲಗೆ. ಆ ಕಡೆ ಬೀಜಗಣಿತ ನಡೆದರೆ ಈ ಕಡೆಯ ಮಕ್ಕಳೂ ಕಲಿಯುತ್ತಾರೆ, ಬೇಕಾಗಲಿ ಬೇಡವಾಗಲಿ. ನೆಲಮಟ್ಟದಲ್ಲಿ ಕಾರು ನಿಲ್ಲಿಸಲು ಬಿಟ್ಟ ಜಾಗದಲ್ಲಿ ಬೆಳಗಿನ ಪ್ರಾರ್ಥನೆ. ಆಟದ ಪೀರಿಯಡ್ಡೂ ಅಲ್ಲೇ. ಆಟವೆಂದರೆ ಕಂಬಗಳ ನಡುವೆ ಸಾಲಾಗಿ ನಿಂತು ಕೈ ಮೇಲೆ, ಕೈ ಪಕ್ಕ, ಕೈ ಕೆಳಗೆ.

ಕುಲ್ಸುಮ್ ಎಂಟನೇ ತರಗತಿ. ಎತ್ತರ, ಸಪೂರ, ಮಾತು ಕಡಿಮೆ. ತಂದೆ ರಹಮತುಲ್ಲಾ ಮತ್ತಿಕೆರೆಯ ಪೀಠೋಪಕರಣದ ವರ್ಕ್‌ಶಾಪಿನಲ್ಲಿ ಬಾಗಿಲು, ಬೀರುಗಳಿಗೆ ಸ್ಪ್ರೇ ಪೇಂಟ್ ಹೊಡೆಯುತ್ತಾರೆ. ತಾಯಿ ಜಾಹಿದಾ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಇಬ್ಬರೂ ಹತ್ತನೇ ತರಗತಿ ದಾಟಿದವರಲ್ಲ. ಮಗಳು ಇಂಗ್ಲಿಷ್ ಮೀಡಿಯಂ ಓದಲಿ, ಮನೆಯಿಂದ ಎರಡು ಬೀದಿ ದೂರದಲ್ಲೇ ಓದಲಿ ಎಂದು ಒಂದನೇ ತರಗತಿಗೇ ಇಲ್ಲಿ ಸೇರಿಸಿದ್ದರು.

ಆಕೆಯ ಓಟ ಅಪರಾಧವಲ್ಲ ಎಂದು ಮೊದಲು ಹೇಳಿದ್ದು ಪಿ.ಟಿ. ಮಾಸ್ತರು ಸುಬ್ರಮಣಿ. ಇಂಥ ಶಾಲೆಗಳಲ್ಲಿ ಪಿ.ಟಿ. ಮಾಸ್ತರು ಎಂದರೆ ಅರ್ಧ ದಿನ ವ್ಯಾನಿನ ಉಸ್ತುವಾರಿ. ಜುಲೈನ ಒಂದು ಸಂಜೆ ವ್ಯಾನು ಹೊರಟ ಮೇಲೆ ಯುಕೆಜಿ ಮಗುವೊಂದರ ಊಟದ ಬ್ಯಾಗು ಗೇಟಿನ ಬಳಿಯೇ ಉಳಿದಿತ್ತು. ಕುಲ್ಸುಮ್ ಅದನ್ನು ಎತ್ತಿಕೊಂಡು ವ್ಯಾನಿನ ಹಿಂದೆ ಬಿದ್ದಳು. ಜಾಲಹಳ್ಳಿ ರಸ್ತೆಯ ತಿರುವಿನಲ್ಲಿ ಕಿಟಕಿಗೆ ಬ್ಯಾಗು ತೂರಿದಳು.

ಸುಬ್ರಮಣಿ ತಲೆ ಹೊರಗೆ ಹಾಕಿದರು. "ಏನಮ್ಮಾ, ವ್ಯಾನ್ ಕೆಟ್ರೆ ನೀನೇ ಎಳ್ಕೊಂಡ್ ಹೋಗ್ತೀಯಾ ಹೆಂಗೆ?"

ಮರುದಿನ ಅವಳನ್ನು ಕರೆದರು. "ಸೆಪ್ಟೆಂಬರ್‌ನಲ್ಲಿ ವಲಯ ಮಟ್ಟದ ಕ್ರೀಡಾಕೂಟ ಇದೆ. ಇನ್ನೂರು ಮೀಟರ್‌ಗೆ ಹೆಸರು ಕೊಡ್ತೀನಿ. ಹದಿನಾಲ್ಕು ತುಂಬೋದ್ ಯಾವಾಗ ನಿಂಗೆ?"

"ಡಿಸೆಂಬರ್, ಸರ್."

"ಹಂಗಾದ್ರೆ ಇದೇ ವರ್ಷ. ಹದಿನಾಲ್ಕರ ಒಳಗಿನೋರ ಓಟ ಇದೊಂದೇ ಉಳಿದಿರೋದು. ಹೋದ ವರ್ಷ ಗೆದ್ದ ಹುಡುಗೀನ ನೋಡಿದೀನಿ. ನೀನು ಗೆಲ್ತೀಯ."

ಗೆಲ್ಲುತ್ತೀಯ ಎಂದು ಆ ಹುಡುಗಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಬೆಳಗ್ಗೆ ತಂದೆಯ ಸ್ಕೂಟರಿನ ಜೊತೆಗೆ ಮುಖ್ಯರಸ್ತೆಯ ತನಕ ಓಡತೊಡಗಿದಳು. ನೀರಿನ ಟ್ಯಾಂಕರ್, ನಾಯಿ, ಗುಂಡಿ, ಹಾಲಿನ ವ್ಯಾನು ಎಲ್ಲವನ್ನೂ ತಪ್ಪಿಸಿಕೊಂಡು. ನೇರವಾಗಿ ಇನ್ನೂರು ಮೀಟರ್ ಓಡುವಷ್ಟು ಜಾಗ ಆ ಬಡಾವಣೆಯಲ್ಲಿ ಅವಳಿಗೆಲ್ಲೂ ಸಿಗಲಿಲ್ಲ.

ಆಗಸ್ಟ್‌ನಲ್ಲಿ ಇದ್ದಕ್ಕಿದ್ದಂತೆ ಸಿಕ್ಕಿತು.

ಶಾಲೆಯ ಮಾನ್ಯತೆ ನವೀಕರಿಸುವ ವರ್ಷ ಅದು. ತಪಾಸಣೆಗೆ ಬರುವ ಅಧಿಕಾರಿ ಆಟದ ಮೈದಾನ ಎಲ್ಲಿ ಎಂದು ಕೇಳುತ್ತಾರೆ. ಶಾಲೆಯ ಹಿಂದೆ ಹಳೇ ಊರಿನ ಚಿಕ್ಕಹನುಮಯ್ಯನವರ ಜಮೀನಿತ್ತು. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲ. ಈಗ ಅಪಾರ್ಟ್‌ಮೆಂಟ್ ಏಳುವುದನ್ನು ಕಾಯುತ್ತ ಪಾರ್ಥೇನಿಯಂ ಬೆಳೆಯುತ್ತಿತ್ತು. ಶಾಲೆಯ ಮಾಲೀಕ ಅನಂತರಾಜು ಅದೇ ಊರಿನವರು. ಮಾತಾಡಿಕೊಂಡರು. ಜೆಸಿಬಿ ಬಂತು, ಗಿಡ ಕಿತ್ತಿತು, ನೆಲ ಸಮ ಮಾಡಿತು. ಸುಣ್ಣದ ಗೆರೆಗಳು ಬಿದ್ದವು. ಎರಡು ಕಂಬ ನೆಟ್ಟು ಶಾಲೆಯ ಹೆಸರಿನ ಬೋರ್ಡು ಕಟ್ಟಿದರು.

ಆದರೆ ಹೊಸದಾಗಿ ಸಮ ಮಾಡಿದ ಮಣ್ಣು ಹೊಸದಾಗಿಯೇ ಕಾಣುತ್ತದೆ. ಅದಕ್ಕೂ ಉಪಾಯವಿತ್ತು. ಮುಖ್ಯೋಪಾಧ್ಯಾಯಿನಿ ರಾಧಾಮಣಿ ಪ್ರಾರ್ಥನೆಯ ಹೊತ್ತಿಗೆ ಪ್ರಕಟಿಸಿದರು: "ಮಕ್ಕಳೇ, ಸ್ಕೂಲು ನಿಮಗೋಸ್ಕರ ಗ್ರೌಂಡ್ ತಗೊಂಡಿದೆ. ಇವತ್ತಿಂದ ನಾಲ್ಕು ದಿನ ಊಟ ಆದ್ಮೇಲೆ ಯಾರಿಗೂ ಕ್ಲಾಸ್ ಇಲ್ಲ, ಎಲ್ಲರೂ ಆಡ್ಬೇಕು. ಮೂಲೇಲಿ ಕೂತ್ಕೊಂಡ್ರೆ ನಂಗೆ ಕೋಪ ಬರತ್ತೆ. ಎಲ್ಲಾ ಕಡೆ ಓಡಾಡಿ, ಚೆನ್ನಾಗಿ ತುಳೀರಿ."

"ಗುರು, ಇಷ್ಟ್ ದಿನ ಓಡಿದ್ರೆ ಬೈತಿದ್ರು," ಎಂದ ಅದೇ ತರಗತಿಯ ಆತಿಫ್. "ಈಗ ಓಡ್ದಿದ್ರೆ ಬೈತಾರೆ. ನಾವೇನ್ ಮಕ್ಕಳಾ, ರೋಡ್ ರೋಲರಾ?"

ಮಕ್ಕಳು ನಕ್ಕರು, ಓಡಿದರು. ಅಧಿಕಾರಿಗೆ ಹೇಳಬೇಕಾದ ಸುಳ್ಳನ್ನು ದೊಡ್ಡವರು ಮೊದಲು ಮಕ್ಕಳಿಗೇ ಹೇಳಿದ್ದರು. ಮಕ್ಕಳೇ ನಂಬಿದರೆ ನಟಿಸುವ ಕಷ್ಟವಿರುವುದಿಲ್ಲ. ಒಂದನೇ ತರಗತಿಯವರು ಮಣ್ಣಿನಲ್ಲಿ ಹೊರಳಾಡಿದರು. ಕುಲ್ಸುಮ್ ಮೊದಲ ಸಲ ಗೆರೆಯ ನಡುವೆ ಓಡಿದಳು. ತಿರುವಿನಲ್ಲಿ ಮೈ ಹೇಗೆ ವಾಲಿಸಬೇಕು, ಕೊನೆಯಲ್ಲಿ ತಲೆ ಯಾಕೆ ತಿರುಗಿಸಬಾರದು ಎಂದು ಸುಬ್ರಮಣಿ ಕೂಗಿ ಕೂಗಿ ಹೇಳಿಕೊಟ್ಟರು. ಆ ಸಂಜೆಗಳಲ್ಲಿ ಮನೆಗೆ ಬಂದು ಅವಳು ಮಾತಾಡಿದಷ್ಟು ಅದುವರೆಗೆ ಮಾತಾಡಿದ್ದಿಲ್ಲ ಎನ್ನುತ್ತಾರೆ ಜಾಹಿದಾ.

ಐದನೆಯ ದಿನ ಅಧಿಕಾರಿ ಬಂದರು. ಸಾಲಿನ ಮುಂದೆ ನಿಂತಿದ್ದ ಕುಲ್ಸುಮ್‌ಳನ್ನು ಕೇಳಿದರು: "ದಿನಾ ಇಲ್ಲೇ ಆಡ್ತೀರೇನಮ್ಮಾ?"

"ದಿನಾ, ಸರ್," ಎಂದಳು. ರಾಧಾಮಣಿ ಹಾಗೆ ಹೇಳಲು ಕಲಿಸಿದ್ದರು ನಿಜ. ಆದರೆ ಅವಳ ಮನಸ್ಸಿನಲ್ಲಿ ಇನ್ನು ಮುಂದೆ ದಿನಾ ಎಂದೇ ಇತ್ತು. ಅಧಿಕಾರಿ ಎಳನೀರು ಕುಡಿದು, ತೃಪ್ತಿಯಾಗಿ, ಹೋದರು.

ಸೋಮವಾರ ಆಟದ ಪೀರಿಯಡ್ಡಿಗೆ ಸುಬ್ರಮಣಿ ಇರಲಿಲ್ಲ. ವ್ಯಾನಿಗೆ ಟೈರು ಹಾಕಿಸಲು ಹೋಗಿದ್ದರು. ಮಕ್ಕಳು ಎಂದಿನಂತೆ ಕಂಬಗಳ ನಡುವೆ ನಿಂತಿದ್ದರು. "ನಮ್ ಗ್ರೌಂಡ್ ಇದೆಯಲ್ಲ, ಬನ್ನಿ," ಎಂದಳು ಕುಲ್ಸುಮ್. ಎಂಟನೇ ತರಗತಿ ಇಡೀ ಸಾಲಾಗಿ, ಗದ್ದಲವಿಲ್ಲದೆ, ಶಾಲೆಯಲ್ಲಿ ಕಲಿಸಿದ ಶಿಸ್ತಿನಲ್ಲೇ ಹಿಂದಿನ ಜಮೀನಿಗೆ ಹೋಯಿತು. ಬೋರ್ಡು ಇರಲಿಲ್ಲ. ಗಾಳಿಗೆ ಬಿದ್ದಿರಬೇಕು ಎಂದುಕೊಂಡರು.

ಚಿಕ್ಕಹನುಮಯ್ಯ ಟವೆಲ್ಲು ಹೆಗಲ ಮೇಲೆ ಎಸೆದುಕೊಂಡು ಧಾವಿಸಿ ಬಂದರು. "ಯಾರ್ಲಾ ಅದು? ಯಾರ್ ಏಳಿದ್ರು ಒಳಿಕ್ ಬರಾಕೆ?"

"ನಮ್ ಗ್ರೌಂಡ್ ತಾತ ಇದು," ಎಂದಳು ಕುಲ್ಸುಮ್.

"ನಿಮ್ದಾ? ಅಂಗಾದ್ರೆ ನಮ್ಮಪ್ಪ ರಾಗಿ ಬೆಳೆದಿದ್ದು ಎಲ್ಲವ್ವಾ, ನಿಮ್ ಇಸ್ಕೂಲ್ ಮಾಳ್ಗೆ ಮ್ಯಾಲಾ?"

"ಸ್ಕೂಲಿಗೆ ತಗೊಂಡಿದಾರಂತೆ ತಾತ. ಆಫೀಸರ್ ಕೂಡ ನೋಡ್ಕೊಂಡ್ ಹೋದ್ರು."

ಮುದುಕರು ದನಿ ತಗ್ಗಿಸಿದರು. "ನಾಕ್ ದಿವ್ಸಕ್ ಕೇಳ್ಕಂಡಿದ್ದ ಕಣವ್ವ ಅನಂತರಾಜ. ಯಾರೋ ಬತ್ತಾರೆ, ನೋಡ್ಕಂಡ್ ಓಯ್ತಾರೆ, ಅಷ್ಟೇ ಅಂದಿದ್ದ. ನಿಮ್ಗೆ ತಗಂಡೆ ಅಂತ ಏಳವ್ನಾ?" ಆಮೇಲೆ ಮಣ್ಣು ಪರೀಕ್ಷೆಗೆ ಅಂದು ಬೆಳಗ್ಗೆಯಷ್ಟೇ ಕೊರೆದಿದ್ದ ಗುಂಡಿಗಳನ್ನು ತೋರಿಸಿದರು. "ಬಿದ್ದು ಕಾಲ್ ಮುರ್ಕಂಡ್ರೆ ನಾನ್ ಜೈಲಿಗ್ ಓಗ್ಬೇಕು. ನಡೀರಿ ಆಚೆಗೆ."

ಅವರ ಸಿಟ್ಟು ಮಕ್ಕಳ ಮೇಲಿರಲಿಲ್ಲ. ಅವರನ್ನು ಮುಂದೆ ಬಿಟ್ಟುಕೊಂಡು ಶಾಲೆಯ ಗೇಟಿಗೆ ಬಂದರು. ಎಲ್‌ಕೆಜಿ ಬಿಡುವ ಹೊತ್ತು, ತಾಯಂದಿರು ನಿಂತಿದ್ದರು. ಅವರೆಲ್ಲರ ಎದುರಿಗೇ ಅನಂತರಾಜು ಅವರನ್ನು ಹೊರಗೆ ಕರೆದು ಮುದುಕರು ಕೂಗಿದರು: "ಏನಪ್ಪಾ, ನನ್ ಒಲ ನಿಂದು ಅಂತ ಮಕ್ಳಿಗೆ ಪಾಠ ಮಾಡಿಸ್ತಿದ್ದೀಯಂತೆ?"

ಅಷ್ಟು ಸಾಕಾಯಿತು. ನಾಲ್ಕು ದಿನ ಸುಳ್ಳು ಕಟ್ಟಿದವರು ಯಾರೂ ತಪ್ಪಿತಸ್ಥರಾಗಲಿಲ್ಲ. ಆ ಸುಳ್ಳನ್ನು ನಂಬಿದ ಹುಡುಗಿ ಆದಳು.

ಮರುದಿನ ರಹಮತುಲ್ಲಾ ಅವರನ್ನು ಕರೆಸಿದರು. ಕೆಲಸಕ್ಕೆ ಹೊರಟವರು ಹಾಗೇ ಬಂದಿದ್ದರು. ಅಂಗಿಯ ತೋಳಿನ ಮೇಲೆ ಪ್ರೈಮರ್ ಪೇಂಟಿನ ಬಿಳಿ ಕಲೆ. ರಾಧಾಮಣಿ ಕೂತುಕೊಳ್ಳಿ ಎನ್ನಲಿಲ್ಲ.

"ನಿಮ್ಮ ಮಗಳು ಪರ್ಮಿಷನ್ ಇಲ್ದೆ ಬೇರೆಯವರ ಜಮೀನಿಗೆ ಕ್ಲಾಸ್ ಪೂರ್ತಿ ಕರ್ಕೊಂಡ್ ಹೋಗಿದಾಳೆ."

"ಹೋದ ವಾರ ನೀವೇ ಕರ್ಕೊಂಡ್ ಹೋಗಿದ್ರಲ್ಲ ಮೇಡಂ?"

"ಅದು ಬೇರೆ, ಇದು ಬೇರೆ."

"ಏನ್ ಬೇರೆ ಮೇಡಂ? ಜಮೀನು ಅದೇ ಅಲ್ವಾ?"

ರಾಧಾಮಣಿ ಕನ್ನಡಕ ತೆಗೆದಿಟ್ಟರು. "ವಾದ ಬೇಡ. ನಾಳೆ ಪ್ರೇಯರ್‌ನಲ್ಲಿ ಅವಳು ಕ್ಷಮೆ ಕೇಳ್ಬೇಕು. ಅದು ಸ್ಕೂಲ್ ಗ್ರೌಂಡ್ ಅಲ್ಲ ಅಂತ ಗೊತ್ತಿತ್ತು, ಸ್ಕೂಲ್‌ನೋರು ಯಾರೂ ಹಂಗೆ ಹೇಳಿರ್ಲಿಲ್ಲ, ನಾನೇ ಕರ್ಕೊಂಡ್ ಹೋದೆ ಅಂತ. ಹೇಳಿದ್ರೆ ಕ್ರೀಡಾಕೂಟಕ್ಕೆ ಹೋಗ್ತಾಳೆ. ಇಲ್ಲಾಂದ್ರೆ ಹೆಸರು ತೆಗೀತೀವಿ. ಅನಂತರಾಜು ಸರ್ ಡಿಸೈಡ್ ಮಾಡಿಯಾಗಿದೆ."

ಬಾಗಿಲ ಬಳಿ ಸುಬ್ರಮಣಿ ವ್ಯಾನಿನ ಕೀಲಿ ಹಿಡಿದು ನಿಂತಿದ್ದರು. "ಮೇಡಂ, ಮಗು ಅದು..." ಎಂದು ಶುರು ಮಾಡಿದರು. ರಾಧಾಮಣಿ ನೋಡಿದ ನೋಟಕ್ಕೆ ಅಲ್ಲಿಗೇ ನಿಲ್ಲಿಸಿದರು.

ಅಂದು ಮನೆಯಲ್ಲಿ ನಡೆದ ಮಾತು ಅವರ ಮನೆಮಾತಾದ ದಖ್ಖನಿಯಲ್ಲಿ ನಡೆಯಿತು. ಹೇಳಿಬಿಡು ಎಂದರು ಜಾಹಿದಾ. ಒಂದು ಮಾತು, ಬಾಯಿಯಿಂದ ಆಚೆ ಹೋದರೆ ಮುಗಿಯಿತು. ಓಡುವುದು ಮುಖ್ಯ ತಾನೆ?

"ಗೊತ್ತಿತ್ತು ಅಂತ ಹೇಳಬೇಕಂತೆ ಅಮ್ಮೀ," ಎಂದಳು ಕುಲ್ಸುಮ್. "ನನಗೆ ಗೊತ್ತಿರಲಿಲ್ಲ."

ರಹಮತುಲ್ಲಾ ಮಾತ್ರ, ನಿನಗೆ ಯಾವುದು ಸರಿ ಅನಿಸುತ್ತೋ ಅದನ್ನೇ ಹೇಳು ಎಂದರು. ಮಗಳ ಮೇಲೆ ಅಷ್ಟು ಭಾರ ಹಾಕಬಾರದಿತ್ತು ಎಂದು ಅವರಿಗೆ ಈಗಲೂ ಅನಿಸುತ್ತದೆ. ಆದರೆ ಆ ಭಾರವನ್ನು ಹಾಕಿದವರು ಅವರಲ್ಲ.

ಮರುದಿನ ಕಂಬಗಳ ನಡುವೆ ಇಡೀ ಶಾಲೆ ನಿಂತಿತ್ತು. ಕುಲ್ಸುಮ್ ಮೈಕಿನ ಮುಂದೆ ಬಂದಳು. ಅವಳು ಹೇಳಿದ್ದನ್ನು ಆತಿಫ್ ಈಗಲೂ ಅದೇ ದನಿಯಲ್ಲಿ ಒಪ್ಪಿಸುತ್ತಾನೆ:

"ಆ ಗ್ರೌಂಡ್ ನಮ್ಮದಲ್ಲ. ನಮ್ಮದು ಅಂತ ನಮಗೆ ಹೇಳಿದ್ರು, ನಾನು ನಂಬಿದೆ. ಆಫೀಸರ್ ಹತ್ರ ದಿನಾ ಆಡ್ತೀವಿ ಅಂತ ನಾನು ಹೇಳಿದ್ದು ಸುಳ್ಳು. ಅದಕ್ಕೆ ಸಾರಿ. ತಾತನ ಜಮೀನಿಗೆ ಹೋಗಿದ್ದಕ್ಕೂ ಸಾರಿ."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ರಾಧಾಮಣಿ ಮೈಕು ಕಿತ್ತುಕೊಂಡು ನಾಡಗೀತೆ ಶುರು ಮಾಡಿಸಿದರು.

ಅವಳ ಹೆಸರು ತೆಗೆದರು. ಸುಬ್ರಮಣಿ ಅನಂತರಾಜು ಅವರ ಮನೆಗೇ ಹೋಗಿ ಕೇಳಿಕೊಂಡರು. ವ್ಯಾನಿಗೆ ಬೇರೆಯವರನ್ನು ನೋಡಬೇಕಾ ಎಂಬ ಉತ್ತರ ಬಂತು. ಕ್ರೀಡಾಕೂಟದ ದಿನ ವ್ಯಾನು ನಾಲ್ವರು ಹುಡುಗರನ್ನು ಕರೆದೊಯ್ದಿತು. ಕುಲ್ಸುಮ್ ತರಗತಿಯಲ್ಲಿ ಸಮಾಜ ವಿಜ್ಞಾನದ ಪಾಠ ಕೇಳುತ್ತಿದ್ದಳು. ಪಾಠ ಮೂಲಭೂತ ಹಕ್ಕುಗಳದ್ದು.

ಸಂಜೆ ಗೇಟಿನಲ್ಲಿ ಸುಬ್ರಮಣಿ ಅವಳನ್ನು ತಡೆದರು. "ಇನ್ನೂರು ಮೀಟರ್ ಅಮೃತಹಳ್ಳಿ ಕಡೆಯ ಹುಡುಗಿ ಗೆದ್ಲು. ನೀನು ಇದ್ದಿದ್ರೆ..."

"ಬೇಡ ಸರ್," ಎಂದಳು. "ಹೇಳ್ಬೇಡಿ."

ಶಾಲೆಗೆ ಮಾನ್ಯತೆ ಬಂತು. ಅಷ್ಟು ಜನ ಮಕ್ಕಳು ಕಿವಿಯಾರೆ ಕೇಳಿದ್ದು ಶಿಕ್ಷಣ ಇಲಾಖೆಯ ತನಕ ಮುಟ್ಟಲಿಲ್ಲ. ಮುಟ್ಟಿಸಬೇಕಾದ ಕೆಲಸ ತಮ್ಮದೆಂದು ಯಾವ ಪೋಷಕರಿಗೂ ಅನಿಸಲಿಲ್ಲ. ಮಗುವಿಗೆ ತೊಂದರೆಯಾದೀತು ಎಂದು ಒಬ್ಬರು, ನಮಗ್ಯಾಕೆ ಎಂದು ಒಬ್ಬರು. ಚಿಕ್ಕಹನುಮಯ್ಯನವರ ಜಮೀನಿನ ಸುತ್ತ ನೀಲಿ ತಗಡು ಎದ್ದಿತು. ಡಿಸೆಂಬರಿನಲ್ಲಿ ಕುಲ್ಸುಮ್‌ಗೆ ಹದಿನಾಲ್ಕು ತುಂಬಿತು. ಜನವರಿಯ ಪೋಷಕರ ಸಭೆಯಲ್ಲಿ ತರಗತಿಯ ಟೀಚರು ಜಾಹಿದಾ ಅವರಿಗೆ ಸಂತೋಷದಿಂದಲೇ ಹೇಳಿದರು: "ತುಂಬಾ ಇಂಪ್ರೂವ್ ಆಗಿದಾಳೆ ರೀ. ಮೆಟ್ಟಿಲ ಮೇಲೆಲ್ಲ ಈಗ ಓಡೋದೇ ಇಲ್ಲ." ಜಾಹಿದಾ ಎದ್ದು ಬಂದರು. ಮಿಕ್ಕ ವಿಷಯಗಳ ಅಂಕ ಎಷ್ಟು ಎಂದು ಕೇಳಲಿಲ್ಲ.

ಏಪ್ರಿಲ್‌ನಲ್ಲಿ ರಹಮತುಲ್ಲಾ ಮಗಳ ಟಿ.ಸಿ. ಪಡೆದರು. ಯಾಕೆ ಬಿಡಿಸುತ್ತಿದ್ದೀರಿ ಎಂದು ಕೇಳುವ ಸೌಜನ್ಯವನ್ನೂ ಯಾರೂ ತೋರಲಿಲ್ಲ. ಈಗ ಆಕೆ ಬಸ್ಸಿನಲ್ಲಿ ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತಾಳೆ. ಅಲ್ಲಿ ಮೈದಾನವಿದೆ, ಕಲ್ಲು ಜಾಸ್ತಿ, ಒಂದು ಮೂಲೆಯಲ್ಲಿ ಮಳೆನೀರು ನಿಲ್ಲುತ್ತದೆ. ದಿನವೂ ಇರುತ್ತದೆ. ಮತ್ತೆ ಓಡತೊಡಗಲು ಅವಳಿಗೆ ಎರಡು ತಿಂಗಳು ಹಿಡಿಯಿತು. ಸೆಪ್ಟೆಂಬರಿನ ಪ್ರೌಢಶಾಲಾ ಕೂಟದಲ್ಲಿ ಇನ್ನೂರು ಮೀಟರ್ ಓಡಿ ಐದನೆಯವಳಾದಳು. ಮುಂದಿದ್ದ ನಾಲ್ವರೂ ಹತ್ತನೇ ತರಗತಿಯವರು.

ವರ್ಕ್‌ಶಾಪಿನಲ್ಲಿ ಸಹೋದ್ಯೋಗಿಯೊಬ್ಬರು ರಹಮತುಲ್ಲಾ ಅವರಿಗೆ ಸಮಾಧಾನ ಹೇಳಿದರು: "ಹೋಗ್ಲಿ ಬಿಡಿ ಭಾಯ್, ಐದನೇದು ಅಂದ್ರೆ ಕಮ್ಮಿ ಏನಲ್ಲ. ಮುಂದಿನ ವರ್ಷ ಗೆಲ್ತಾಳೆ."

ರಹಮತುಲ್ಲಾ ಗಡಗಡ ಎನ್ನುತ್ತಿದ್ದ ಸ್ಪ್ರೇ ಕಂಪ್ರೆಸರ್ ಆರಿಸಿದರು. ತಾವು ಹೇಳುವುದು ಸ್ಪಷ್ಟವಾಗಿ ಕೇಳಬೇಕೆಂದೇ ಆರಿಸಿದಂತಿತ್ತು.

"ಮುಂದಿನ ವರ್ಷ ಗೆಲ್ಲಬಹುದು. ಅವಳು ಗೆಲ್ಲಬೇಕಾಗಿದ್ದು ಹೋದ ವರ್ಷ ಕಣ್ರೀ."