ಮೇಲೇಳದ ಕೈ

ಅತ್ತೆಯ ಬಲಗೈ ಬೆರಳುಗಳು ದಿನಾ ಬೆಳಿಗ್ಗೆ ಅಡುಗೆಮನೆಯ ಗೋಡೆ ಹತ್ತುತ್ತಿದ್ದವು. ಇಂಚಿಂಚೇ ಏರಿ, ಕಿವಿಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿದ್ದವು. ಅತ್ತೆ ತುಟಿ ಕಚ್ಚಿಕೊಂಡು ಇನ್ನೊಂದು ಬೆರಳಗಲ ಏರಿಸಲು ನೋಡಿ, ಆಗದೆ ಕೈ ಇಳಿಸುತ್ತಿದ್ದರು. ಸಕ್ಕರೆ ಕಾಯಿಲೆ ಹಳತಾದರೆ ಕೆಲವರಿಗೆ ಭುಜ ಹೀಗೆ ಬಿಗಿದುಕೊಳ್ಳುತ್ತದೆ, ಬೆರಳುಗಳನ್ನೂ ಪೂರ್ತಿ ಚಾಚಲಾಗುವುದಿಲ್ಲ ಎಂದು ಹೇಳಿ ಮಾನಂದವಾಡಿಯ ಡಾಕ್ಟರು ಈ ವ್ಯಾಯಾಮ ಕಲಿಸಿದ್ದರು.

ಅತ್ತೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಜಗಲಿಯಿಂದ ಕಣಕ್ಕೆ, ಕಣದಿಂದ ಕಾಫಿ ತೋಟದ ಬೇಲಿಗೆ ನಡೆಯುತ್ತಲೇ ಇರುತ್ತಿದ್ದರು. "ನಿಂತರೆ ನೋವು ಹಿಡ್ಕೋತದೆ," ಎನ್ನುತ್ತಿದ್ದರು. ಅವರ ತಲೆ ಬಾಚುತ್ತಿದ್ದವಳು ನಮ್ಮ ಗದ್ದೆ ಕೆಲಸಕ್ಕೆ ಬರುತ್ತಿದ್ದ ಪಣಿಯ ಬುಡಕಟ್ಟಿನ ಹೆಂಗಸು. ಸೊಸೆ ನಾನು ಬಾಚಣಿಗೆ ಹಿಡಿದರೆ, "ನೀ ಎಳೀತೀ. ಅವಳಿಗೆ ನನ್ನ ಭುಜ ಗೊತ್ತು," ಎಂದು ಕಳಿಸಿಬಿಡುತ್ತಿದ್ದರು.

ನಕ್ಸಲರ ಹೆಸರಲ್ಲಿ ಊರೆಲ್ಲ ಹೆದರಿದ್ದ ಕಾಲ ಅದು. ಪಯ್ಯಂಪಳ್ಳಿಯ ದಾರಿಯಲ್ಲಿ ಪೊಲೀಸ್ ಜೀಪು ಓಡದ ದಿನವಿರಲಿಲ್ಲ. ನಕ್ಸಲರಿಗೆ ತಿರುನೆಲ್ಲಿ ಕಾಡಿನಲ್ಲಿ ದಾರಿ ತೋರಿಸಿದನೆಂದು ಆ ಹೆಂಗಸಿನ ಗಂಡನನ್ನು ಪೊಲೀಸರು ಹುಡುಕುತ್ತಿದ್ದರು; ಅವನು ಸಿಗದೆ ಅವಳನ್ನೇ ಹುಡುಕತೊಡಗಿದರು. ಒಂದು ಬೆಳಿಗ್ಗೆ ಅವಳು ಓಡಿ ಬಂದಾಗ ಅತ್ತೆ ಒಂದು ಮಾತೂ ಕೇಳದೆ ಭತ್ತದ ಕೋಣೆಯೊಳಗೆ ಕಳಿಸಿ ಬಾಗಿಲೆಳೆದರು.

"ಅತ್ತೇ, ನಾವು ಜಮೀನಿರೋರು. ನಾಳೆ ಆ ನಕ್ಸಲರು ನಮ್ಮ ಮೇಲೇ ಬಂದರೆ?" ಎಂದೆ.

"ಬಂದಾಗ ನೋಡುವ. ಈಗ ಬಂದಿರೋದು ಇವಳು."

ಸ್ವಲ್ಪ ಹೊತ್ತಿಗೇ ಪೊಲೀಸರು ಅಂಗಳದಲ್ಲಿದ್ದರು. ಮನೆಯ ಗಂಡಸರೆಲ್ಲ ಮರಕ್ಕಡವಿನ ಗದ್ದೆಗೆ ಹೋಗಿದ್ದರು. "ಕೈ ಪೊಕ್ಕ್," ಕೈ ಮೇಲೆತ್ತು ಎಂದು ಒಬ್ಬ ಗದರಿದ. ಅತ್ತೆ ಎಡಗೈ ಎತ್ತಿದರು. ಗೋಡೆಯ ಆಸರೆಯಿಲ್ಲದೆ ಬಲಗೈ ಎದೆಯ ಮಟ್ಟದಲ್ಲೇ ಉಳಿಯಿತು.

"ಇದು ಮೇಲೆ ಹೋಗಲ್ಲ ಸಾರ್, ಕಾಯಿಲೆ," ಎಂದು ಮಲಯಾಳದಲ್ಲೇ ಹೇಳಿದರು.

ಸೆರಗಿನಡಿ ಏನೋ ಅಡಗಿಸಿದ್ದಾರೆಂದು ಅವನ ಅನುಮಾನ. ಭುಜದ ಕಾಯಿಲೆ ಬರೆದುಕೊಟ್ಟಿದ್ದ ಡಾಕ್ಟರ ಚೀಟಿ ನನ್ನ ಪಕ್ಕದ ಗೋಡೆಗೂಡಿನಲ್ಲೇ ಇತ್ತು. ಬಾಗಿಲ ಹಿಂದೆ ನಿಂತಿದ್ದ ನಾನು ಹೆದರಿ ಅದಕ್ಕೆ ಕೈ ಚಾಚಲಿಲ್ಲ. ಅವನು ಅತ್ತೆಯ ಮಣಿಕಟ್ಟು ಹಿಡಿದು ಒಂದೇ ಸಲ ಮೇಲಕ್ಕೆಳೆದ. ಅತ್ತೆ ಕೂಗಲಿಲ್ಲ. ಆದರೂ ಗಂಟಲಿನಿಂದ ಒಂದು ನರಳಾಟ ಹೊರಟೇಬಿಟ್ಟಿತು. ಭತ್ತದ ಕೋಣೆಯ ಬಾಗಿಲು ತೆರೆಯಿತು.

"ಬಿಡಿ ಸಾರೇ. ಅಮ್ಮನ ಕೈ ಪೊಂಗೂಲ, ಮೇಲೇಳಲ್ಲ. ದಿನಾ ತಲೆ ಬಾಚೋದು ನಾನೇ," ಎನ್ನುತ್ತ ಅವಳು ಅಂಗಳಕ್ಕೆ ಬಂದು ನಿಂತಳು.

ಅವಳನ್ನು ಜೀಪಿಗೆ ಹತ್ತಿಸಿಕೊಂಡು ಹೋದರು.

ಅತ್ತೆ ಹಳೇ ಸೀರೆಯ ತುಂಡಿನಿಂದ ಕೈಯನ್ನು ಎದೆಗೆ ಕಟ್ಟಿಸಿಕೊಂಡು, ಬಾಚದ ತಲೆಯಲ್ಲೇ ಬಸ್ಸಿಗೆ ಹೊರಟರು. ಆಗ ನಾನು ಚೀಟಿ ತೆಗೆದುಕೊಂಡು ಹಿಂದೆ ಹತ್ತಿದೆ. ಎರಡು ದಿನ ಪೊಲೀಸ್ ಕ್ಯಾಂಪಿನ ಮುಂದೆ ಅತ್ತೆ ಅತ್ತಿಂದಿತ್ತ ತಿರುಗಿದರು. ಕೂರಿ ಎಂದರೂ ಕೂರಲಿಲ್ಲ. "ನನ್ನ ಮನೆಯಿಂದ ಕರ್ಕೊಂಡು ಬಂದಿದ್ದೀರಿ. ನಾನು ಅವಳನ್ನ ಕರ್ಕೊಂಡೇ ಹೋಗೋದು," ಎಂದು ಕಂಡವರಿಗೆಲ್ಲ ಹೇಳಿದರು. ಮೂರನೇ ದಿನ ಅವಳನ್ನು ಬಿಟ್ಟರು. ಮುಖ ಊದಿಕೊಂಡಿತ್ತು. ಬಸ್ಸಿನಲ್ಲಿ ಅತ್ತೆ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ದಾರಿಯುದ್ದಕ್ಕೂ ಎಡಗೈಯಿಂದ ಅವಳ ಕೈ ಹಿಡಿದುಕೊಂಡಿದ್ದರು.

ಆ ಬಲಗೈ ಆಮೇಲೆ ಸೊಂಟದಿಂದ ಮೇಲೇಳಲೇ ಇಲ್ಲ.

ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದಾಗ ನಾನು ತಡೆಯಲಾರದೆ ಹೇಳಿದೆ: "ಅವತ್ತು ಆ ಚೀಟಿ ನಾನು ಹೊರಗೆ ತರಬೇಕಿತ್ತು."

ಅತ್ತೆ ನನ್ನನ್ನು ನೋಡಿದರು. "ಬಸ್ಸಿಗೆ ತಂದಿಯಲ್ಲ," ಎಂದರು.

ಅದೇ ವಾರ ತೀರಿಕೊಂಡರು. ಅವರು ಕ್ಷಮಿಸಿದ್ದು ಅಷ್ಟು ಸುಲಭವಾಗಿ. ನನ್ನನ್ನು ಕ್ಷಮಿಸಿಕೊಳ್ಳಲು ನನ್ನಿಂದ ಇನ್ನೂ ಆಗಿಲ್ಲ.